ಮೆದುಳಿನ ಅನ್ಯೂರಿಸಂಗೆ ಸ್ಟೆಂಟ್ ಹಾಕಿದ ಮೇಲೆ: ರಕ್ತ ತೆಳುಗೊಳಿಸುವ ಮಾತ್ರೆ ತಪ್ಪದಂತೆ ಚೇತರಿಸಿಕೊಳ್ಳುವ ಬಗೆ

ಅನ್ಯೂರಿಸಂ ಎಂದರೆ ರಕ್ತನಾಳದ ಗೋಡೆ ದುರ್ಬಲವಾಗಿ ಬಲೂನಿನಂತೆ ಉಬ್ಬಿದ ಜಾಗ. ಅದಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಮನೆಯವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ, ರೂಪ ಮಾತ್ರ ಬೇರೆ ಬೇರೆ. ತೋಳಿನ ಮೇಲೆ ನೀಲಿ ಕಲೆ ಎದ್ದಿತು, ಗಾಬರಿಯಾಗಿ ಮಾತ್ರೆ ನಿಲ್ಲಿಸಿದೆವು. ಹಲ್ಲು ಕೀಳಿಸಬೇಕಿತ್ತು, ಐದು ದಿನ ಬಿಟ್ಟೆವು. ಹೊಟ್ಟೆ ಉರಿಯುತ್ತಿತ್ತು, ಎರಡು ಮಾತ್ರೆಗಳಲ್ಲಿ ಒಂದನ್ನು ಕೈಬಿಟ್ಟೆವು. ಪ್ರಯಾಣದಲ್ಲಿ ಮಾತ್ರೆ ಮುಗಿಯಿತು, ಮೂರು ದಿನ ತಾನೇ ಎಂದು ಸುಮ್ಮನಿದ್ದೆವು. ಈಗ ಏನು ಮಾಡುವುದು?

ಉತ್ತರ ಪ್ರತಿ ಬಾರಿಯೂ ಒಂದೇ: ಸ್ಟೆಂಟ್ ಹಾಕಿದ ತಂಡಕ್ಕೆ ಈಗಲೇ ಫೋನ್ ಮಾಡಿ. ಆ ತಂಡದ ಮಾತಿಲ್ಲದೆ ಈ ಮಾತ್ರೆಗಳನ್ನು ನಿಲ್ಲಿಸುವ ಅಧಿಕಾರ ಬೇರೆ ಯಾರಿಗೂ ಇಲ್ಲ. ನಿಮಗಿಲ್ಲ, ನೆರೆಯವರಿಗಿಲ್ಲ, ಔಷಧ ಅಂಗಡಿಯವರಿಗಿಲ್ಲ, ಇನ್ನಾವುದೋ ತೊಂದರೆಗೆ ನೋಡುತ್ತಿರುವ ವೈದ್ಯರಿಗೂ ತಾವೊಬ್ಬರೇ ತೀರ್ಮಾನಿಸುವ ಹಕ್ಕಿಲ್ಲ. ಕೆಳಗಿನ ಹಂತಗಳೆಲ್ಲ ಈ ಒಂದು ನಿಯಮವನ್ನು ಮನೆಯಲ್ಲಿ ಉಳಿಸಿಕೊಳ್ಳುವ ದಾರಿಗಳು. ಇಲ್ಲಿ ಕೊಟ್ಟಿರುವ ಪ್ರಮಾಣ ಮತ್ತು ಅವಧಿ ಸಾಮಾನ್ಯವಾಗಿ ಬಳಕೆಯಲ್ಲಿರುವಂಥವು. ನಿಮ್ಮ ಚೀಟಿಯಲ್ಲಿ ಬೇರೆ ಬರೆದಿದ್ದರೆ ಚೀಟಿಯೇ ಸರಿ.

ಹಂತಗಳಿಗೆ ಮುನ್ನ: ಈ ಮಾತ್ರೆಗಳ ಕೆಲಸವೇನು

ಸ್ಟೆಂಟ್ ಎಂದರೆ ರಕ್ತನಾಳದ ಒಳಗೆ ಕುಳಿತ ಲೋಹದ ಸಣ್ಣ ಬಲೆ. ಹೊಸ ಲೋಹವನ್ನು ಕಂಡೊಡನೆ ರಕ್ತದ ಪ್ಲೇಟ್‌ಲೆಟ್ ಕಣಗಳು ಅದನ್ನು ಗಾಯವೆಂದೇ ಭಾವಿಸಿ ಬಂದು ಅಂಟಿಕೊಳ್ಳುತ್ತವೆ. ಹಾಗೆ ಅಂಟಿದರೆ ಹೆಪ್ಪುಗಟ್ಟಿ ಸ್ಟೆಂಟ್ ಮುಚ್ಚಿಹೋಗಬಹುದು, ಇಲ್ಲವೇ ಹೆಪ್ಪಿನ ತುಣುಕು ಮುಂದಕ್ಕೆ ಸರಿದು ಪಾರ್ಶ್ವವಾಯು ತರಬಹುದು. ನಾಳದ ಒಳಪದರ ಬೆಳೆದು ಲೋಹವನ್ನು ಹೊದ್ದುಕೊಳ್ಳಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಪ್ಲೇಟ್‌ಲೆಟ್‌ಗಳನ್ನು ದೂರ ಇಡುವುದು ಎರಡು ಮಾತ್ರೆಗಳ, ಸಾಮಾನ್ಯವಾಗಿ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಜೋಡಿಯ, ಕೆಲಸ. ರಕ್ತದ ಹರಿವನ್ನೇ ತಿರುಗಿಸುವ ದಟ್ಟ ನೇಯ್ಗೆಯ ಸ್ಟೆಂಟ್, ಅಂದರೆ ಫ್ಲೋ ಡೈವರ್ಟರ್, ಹಾಕಿದ್ದರೆ ಲೋಹದ ಪ್ರಮಾಣ ಹೆಚ್ಚು. ಹಾಗಾಗಿ ಎಚ್ಚರವೂ ಹೆಚ್ಚು ಬೇಕು.

‘ರಕ್ತ ತೆಳುಗೊಳಿಸುವುದು’ ರೂಢಿಯ ಮಾತು. ನಿಜವಾಗಿ ರಕ್ತ ನೀರಾಗುವುದಿಲ್ಲ, ಪ್ಲೇಟ್‌ಲೆಟ್‌ಗಳ ಅಂಟು ಕಡಿಮೆಯಾಗುತ್ತದೆ, ಅಷ್ಟೇ. ರಕ್ತ ಹೆಪ್ಪುಗಟ್ಟುವುದನ್ನು ಬೇರೆ ಬಗೆಯಲ್ಲಿ ತಡೆಯುವ ವಾರ್ಫರಿನ್ ಜಾತಿಯ ಮಾತ್ರೆಗಳಲ್ಲ ಇವು. ವಾರ್ಫರಿನ್‌ಗೆ ಮಾಡುವ ಐಎನ್‌ಆರ್ ಪರೀಕ್ಷೆ ಇವುಗಳ ಪರಿಣಾಮವನ್ನು ಅಳೆಯುವುದಿಲ್ಲ. ಸೊಪ್ಪು ತಿನ್ನಬಾರದೆಂಬ ನಿಯಮವೂ ಇವಕ್ಕೆ ಅನ್ವಯಿಸುವುದಿಲ್ಲ. ಈ ಗೊಂದಲದಿಂದಲೇ ಎಷ್ಟೋ ಮಂದಿ ಐಎನ್‌ಆರ್ ಸಹಜವಾಗಿದೆ ಎಂಬ ವರದಿ ಹಿಡಿದು ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ಹೆದರುತ್ತಾರೆ.

ಹಂತ 1: ಆಸ್ಪತ್ರೆ ಬಿಡುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಒಡೆಯದ ಅನ್ಯೂರಿಸಂಗೆ ಯೋಜನೆಯಂತೆ ಚಿಕಿತ್ಸೆಯಾಗಿದ್ದರೆ ಒಂದೆರಡು ದಿನಗಳಲ್ಲೇ ಮನೆಗೆ ಕಳುಹಿಸುವುದುಂಟು. ಹೊರಡುವ ಆತುರದಲ್ಲಿ ಮುಖ್ಯವಾದ ಪ್ರಶ್ನೆಗಳು ಉಳಿದುಹೋಗುತ್ತವೆ. ಇವನ್ನು ಬರೆದುಕೊಂಡು ಹೋಗಿ, ಉತ್ತರವನ್ನೂ ಬರೆಸಿಕೊಳ್ಳಿ:

ಪ್ರತಿ ಮಾತ್ರೆಯ ರಾಸಾಯನಿಕ ಹೆಸರು, ಪ್ರಮಾಣ, ಹೊತ್ತು. ಯಾವ ಮಾತ್ರೆ ಯಾವ ತಾರೀಖಿನವರೆಗೆ, ಒಂದೊಂದಕ್ಕೂ ಬೇರೆ ಬೇರೆಯಾಗಿ. ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು. ರಾತ್ರಿ ಹನ್ನೊಂದಕ್ಕೆ ತೊಂದರೆಯಾದರೆ ಯಾವ ಸಂಖ್ಯೆಗೆ ಫೋನ್ ಮಾಡಬೇಕು. ಮೊದಲ ಮರುತಪಾಸಣೆ ಎಂದು. ರಕ್ತದೊತ್ತಡ ಎಷ್ಟರ ಒಳಗಿರಬೇಕು.

ಇಂಪ್ಲಾಂಟ್ ಕಾರ್ಡ್ ಕೇಳಿ ಪಡೆಯಿರಿ. ಸ್ಟೆಂಟ್‌ನ ಹೆಸರು, ಅಳತೆ, ಹಾಕಿದ ದಿನ ಅದರಲ್ಲಿರುತ್ತವೆ. ಮುಂದೆ ಯಾವುದೇ ಎಂಆರ್‌ಐ ಮಾಡಿಸುವಾಗ ತಂತ್ರಜ್ಞರು ಮೊದಲು ಕೇಳುವುದು ಇದನ್ನೇ. ಈಗಿನ ಸ್ಟೆಂಟ್‌ಗಳಲ್ಲಿ ಬಹುಪಾಲು ನಿಗದಿತ ಷರತ್ತಿನೊಳಗೆ ಎಂಆರ್‌ಐಗೆ ಸುರಕ್ಷಿತ. ಆ ಷರತ್ತು ಏನೆಂದು ತಿಳಿಯುವುದು ಕಾರ್ಡಿನಿಂದಲೇ. ವಿಮಾನ ನಿಲ್ದಾಣದ ಲೋಹಶೋಧಕದಿಂದ ಸ್ಟೆಂಟ್‌ಗೆ ಏನೂ ಆಗದು.

ಅನ್ಯೂರಿಸಂ ಒಡೆದು ರಕ್ತಸ್ರಾವವಾದ ಮೇಲೆ ಚಿಕಿತ್ಸೆ ಪಡೆದವರ ಹಾದಿ ಬೇರೆ. ಆಸ್ಪತ್ರೆವಾಸ ವಾರಗಟ್ಟಲೆ ಇರುತ್ತದೆ. ನಿಮೋಡಿಪಿನ್ ಎಂಬ ಮಾತ್ರೆಯನ್ನು ಸಾಮಾನ್ಯವಾಗಿ 4 ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ, 21 ದಿನ ಕೊಡುತ್ತಾರೆ. 21 ದಿನ ತುಂಬುವ ಮೊದಲೇ ಮನೆಗೆ ಬಂದರೆ ಉಳಿದ ದಿನಗಳ ಲೆಕ್ಕವನ್ನು ಬರೆಸಿಕೊಳ್ಳದೆ ಹೊರಡಬೇಡಿ.

ಹಂತ 2: ಮನೆಯಲ್ಲಿ ಸಜ್ಜುಮಾಡಿಕೊಳ್ಳಬೇಕಾದ ಸಾಮಗ್ರಿ

ವಾರದ ಏಳು ದಿನಕ್ಕೂ ಬೆಳಗ್ಗೆ–ರಾತ್ರಿ ಖಾನೆಗಳಿರುವ ಮಾತ್ರೆ ಡಬ್ಬಿ. ತೋಳಿಗೆ ಕಟ್ಟುವ ರಕ್ತದೊತ್ತಡ ಮಾಪಕ. ಅಲಾರಾಂ ಇರುವ ಮೊಬೈಲ್. ಮೃದು ಎಳೆಯ ಹಲ್ಲುಜ್ಜುವ ಬ್ರಷ್. ಬ್ಲೇಡಿನ ಬದಲು ವಿದ್ಯುತ್ ಶೇವರ್. ಶುದ್ಧ ಗಾಜ್ ಬಟ್ಟೆ. ಒಂದು ನೋಟ್‌ಬುಕ್.

ಇಷ್ಟರಲ್ಲಿ ಮಾತ್ರೆ ಡಬ್ಬಿಯ ಬೆಲೆ ಬಳಸಿದವರಿಗಷ್ಟೇ ಗೊತ್ತು. ನನ್ನ ಅಕ್ಕನಿಗೆ ಸ್ಟೆಂಟ್ ಹಾಕಿದ ಮೊದಲ ತಿಂಗಳು ‘ಬೆಳಗ್ಗೆ ಮಾತ್ರೆ ತೆಗೆದುಕೊಂಡೆಯಾ’ ಎಂಬ ಪ್ರಶ್ನೆಗೆ ಅವಳ ಬಳಿ ಉತ್ತರವಿರುತ್ತಿರಲಿಲ್ಲ. ಚಿಕಿತ್ಸೆಯ ನಂತರದ ಆ ಮಂಪರಿನಲ್ಲಿ ನಿನ್ನೆಯ ಬೆಳಗು ಇಂದಿನ ಬೆಳಗು ಒಂದಾಗಿಬಿಡುತ್ತಿದ್ದವು. ಡಬ್ಬಿ ಬಂದ ಮೇಲೆ ಖಾನೆ ಖಾಲಿಯಿದೆಯೇ ಎಂದು ನೋಡಿದರೆ ಮುಗಿಯಿತು. ಪ್ರತಿ ಭಾನುವಾರ ಸಂಜೆ ನಾವಿಬ್ಬರೂ ಕುಳಿತು ತುಂಬುತ್ತಿದ್ದೆವು: ಒಬ್ಬರು ಚೀಟಿ ನೋಡಿ ಹೆಸರು ಓದುವುದು, ಇನ್ನೊಬ್ಬರು ಮಾತ್ರೆ ಹಾಕುವುದು. ತೇವದಿಂದ ಕೆಡುವ ಮಾತ್ರೆಗಳನ್ನು ಪೊಟ್ಟಣದೊಂದಿಗೇ ಕತ್ತರಿಸಿ ಖಾನೆಗೆ ಹಾಕುವುದು ಒಳ್ಳೆಯದು.

ಹಂತ 3: ಮೊದಲ ವಾರ, ತೂರುನಳಿಕೆ ಹಾಕಿದ ಜಾಗ

ಸ್ಟೆಂಟ್ ಅನ್ನು ಮೆದುಳಿನವರೆಗೆ ಒಯ್ಯುವ ತೆಳು ನಳಿಕೆಯನ್ನು (ಕ್ಯಾತಿಟರ್) ತೊಡೆಸಂದಿನಿಂದ ಇಲ್ಲವೇ ಮಣಿಕಟ್ಟಿನಿಂದ ಒಳಗೆ ತೂರಿಸಿರುತ್ತಾರೆ. ಮೇಲೆ ಕಾಣುವುದು ಚಿಕ್ಕ ಚುಕ್ಕೆ. ಆದರೆ ಅದರ ಕೆಳಗೆ ತೂತಾಗಿರುವುದು ಅಪಧಮನಿ, ಜೊತೆಗೆ ರಕ್ತ ಬೇಗ ಹೆಪ್ಪುಗಟ್ಟದಂತೆ ಮಾಡುವ ಎರಡು ಮಾತ್ರೆ.

ಸುಮಾರು ಒಂದು ವಾರ ಭಾರ ಎತ್ತಬೇಡಿ. ತುಂಬಿದ ಬಕೆಟ್, ಮಗು, ಗ್ಯಾಸ್ ಸಿಲಿಂಡರ್ ಎಲ್ಲವೂ ಭಾರವೇ. ಕುಕ್ಕರಗಾಲಲ್ಲಿ ಕೂರುವುದು, ಮಲವಿಸರ್ಜನೆಗೆ ತಿಣುಕುವುದು ಬೇಡ. ಮಲಬದ್ಧತೆಯಿದ್ದರೆ ಮಲ ಮೆದುವಾಗಲು ಔಷಧ ಕೇಳಿ. ಕೆಮ್ಮುವಾಗ, ಸೀನುವಾಗ ತೊಡೆಸಂದನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ಮರುದಿನದಿಂದ ಮೈಮೇಲೆ ನೀರು ಹಾಕಿಕೊಂಡು ಸ್ನಾನ ಮಾಡಬಹುದು, ನೀರಿನಲ್ಲಿ ಮುಳುಗಿ ಕೂರುವುದು ವಾರದವರೆಗೆ ಬೇಡ.

ನೀಲಿ–ಹಳದಿ ಕಲೆ ತೊಡೆಯ ಕೆಳಗಿನವರೆಗೂ ಇಳಿಯಬಹುದು, ನೋಡಲು ಭಯವಾಗುತ್ತದೆ, ಹೆಚ್ಚಿನ ಪಾಲು ಅದು ತಾನಾಗಿ ಕರಗುತ್ತದೆ. ಕಲೆಯ ಅಂಚನ್ನು ಪೆನ್ನಿನಿಂದ ಗುರುತು ಹಾಕಿ ವೇಳೆ ಬರೆದಿಡಿ. ಗೆರೆ ದಾಟಿ ಹರಡುತ್ತಿದ್ದರೆ, ಗಟ್ಟಿ ಗಂಟು ಬೆಳೆಯುತ್ತಿದ್ದರೆ, ಗಂಟಿನಲ್ಲಿ ನಾಡಿ ಮಿಡಿಯುತ್ತಿದ್ದರೆ, ಕಾಲು ಅಥವಾ ಕೈ ತಣ್ಣಗಾಗಿ ಜೋಮು ಹಿಡಿದರೆ, ಕೀವು–ಜ್ವರ ಬಂದರೆ ಅಂದೇ ಆಸ್ಪತ್ರೆ. ಮೊದಲ ದಿನಗಳಲ್ಲಿ ಸೊಂಟ ಅಥವಾ ಪಕ್ಕೆಯಲ್ಲಿ ತೀವ್ರ ನೋವು ಬಂದು ತಲೆ ಸುತ್ತಿ ಬೆವರಿದರೆ ಹೊಟ್ಟೆಯ ಹಿಂಭಾಗದಲ್ಲಿ, ಹೊರಗೆ ಕಾಣದಂತೆ, ರಕ್ತ ಸೋರುತ್ತಿರಬಹುದು. ಅದು ತುರ್ತು.

ರಕ್ತ ಚಿಮ್ಮಿದರೆ ಕ್ರಮ ಹೀಗಿರಲಿ: ಅಂಗಾತ ಮಲಗಿಸಿ, ಗಾಜ್ ಇಟ್ಟು, ತೂತಿನ ಮೇಲೆ ಮತ್ತು ಅದಕ್ಕಿಂತ ತುಸು ಮೇಲ್ಗಡೆ ಬೆರಳುಗಳಿಂದ ಬಲವಾಗಿ ಒತ್ತಿ. 10 ನಿಮಿಷ ಕೈ ತೆಗೆಯಬೇಡಿ. ನಿಂತಿತೇ ಎಂದು ನಡುವೆ ಎತ್ತಿ ನೋಡುವುದೇ ಎಲ್ಲರೂ ಮಾಡುವ ತಪ್ಪು. ಒತ್ತುತ್ತಿರುವಾಗಲೇ ಇನ್ನೊಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಲಿ.

ಹಂತ 4: ದಿನದ ಮಾತ್ರೆ, ಎಲ್ಲಕ್ಕಿಂತ ಮುಖ್ಯವಾದ ಹಂತ

ಸಾಮಾನ್ಯ ಜೋಡಿ ಎಂದರೆ ಆಸ್ಪಿರಿನ್ ಮತ್ತು ದಿನಕ್ಕೊಮ್ಮೆ ಕ್ಲೋಪಿಡೋಗ್ರೆಲ್ 75 ಮಿ.ಗ್ರಾಂ. ಆಸ್ಪಿರಿನ್ ಪ್ರಮಾಣ ವೈದ್ಯರಿಂದ ವೈದ್ಯರಿಗೆ ಬೇರೆ, 75 ಮಿ.ಗ್ರಾಂನಿಂದ 325 ಮಿ.ಗ್ರಾಂವರೆಗೂ ಇರುತ್ತದೆ. ಕೆಲವರ ದೇಹ ಕ್ಲೋಪಿಡೋಗ್ರೆಲ್ ಅನ್ನು ಸರಿಯಾಗಿ ಬಳಸಿಕೊಳ್ಳುವುದಿಲ್ಲ. ಈ ಮಾತ್ರೆ ಯಕೃತ್ತಿನಲ್ಲಿ ಬದಲಾದ ಮೇಲೆಯೇ ಕೆಲಸಕ್ಕೆ ಬರುವುದು, ಆ ಬದಲಾವಣೆ ಮಾಡುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲ. ಅದಕ್ಕಾಗಿ ಹಲವು ಕಡೆ ಪ್ಲೇಟ್‌ಲೆಟ್ ಕಾರ್ಯಪರೀಕ್ಷೆ ಮಾಡಿ, ಅಗತ್ಯವಿದ್ದರೆ ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್‌ಗೆ ಬದಲಿಸುತ್ತಾರೆ. ನಿಮ್ಮ ಮಾತ್ರೆ ಪಕ್ಕದ ಹಾಸಿಗೆಯವರದ್ದಕ್ಕಿಂತ ಬೇರೆಯಾಗಿರಲು ಕಾರಣ ಇದೇ ಇರಬಹುದು. ಅವರ ಅನುಭವ ನಿಮಗೆ ಲೆಕ್ಕಕ್ಕೆ ಬಾರದು.

ಹೊತ್ತು ಒಂದೇ ಇರಲಿ. ಬೆಳಗ್ಗೆ 8 ಎಂದರೆ ರಜೆಯ ದಿನವೂ 8. ಊಟದ ನಂತರ ತೆಗೆದುಕೊಂಡರೆ ಆಸ್ಪಿರಿನ್‌ನಿಂದಾಗುವ ಹೊಟ್ಟೆ ಉರಿ ಕಡಿಮೆ. ಕರುಳಿನಲ್ಲಿ ಕರಗುವಂತೆ ಲೇಪನವಿರುವ ಆಸ್ಪಿರಿನ್ ಅನ್ನು ಪುಡಿ ಮಾಡಬೇಡಿ, ಅಗಿಯಬೇಡಿ. ಟಿಕಾಗ್ರೆಲಾರ್ ಆದರೆ ದಿನಕ್ಕೆರಡು ಬಾರಿ, 12 ಗಂಟೆಗಳ ಅಂತರದಲ್ಲಿ. ಇದರ ಪ್ರಭಾವ ಬೇಗ ಇಳಿಯುವುದರಿಂದ ರಾತ್ರಿಯ ಮಾತ್ರೆ ಮರೆಯುವುದು ಇಲ್ಲಿ ಹೆಚ್ಚು ಅಪಾಯ. ಟಿಕಾಗ್ರೆಲಾರ್ ಕೆಲವರಿಗೆ ಉಸಿರು ಕಟ್ಟಿದಂತೆ ಮಾಡುತ್ತದೆ. ಹಾಗಾದರೆ ತಿಳಿಸಬೇಕು, ತಾವಾಗಿ ಬಿಡಬಾರದು. ಬದಲಿ ಮಾತ್ರೆ ಇದೆ, ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಕ್ರಮವನ್ನು ತಂಡವೇ ಹೇಳಬೇಕು.

ಒಂದು ಹೊತ್ತು ತಪ್ಪಿದಾಗ: ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳಬೇಕಾದ ವೇಳೆಯಿಂದ 12 ಗಂಟೆ ಕಳೆದಿಲ್ಲವಾದರೆ ನೆನಪಾದೊಡನೆ ತೆಗೆದುಕೊಳ್ಳಿ. 12 ಗಂಟೆ ಮೀರಿದ್ದರೆ ಅದನ್ನು ಬಿಟ್ಟು ಮುಂದಿನದನ್ನು ಅದರ ವೇಳೆಗೇ ತೆಗೆದುಕೊಳ್ಳಿ. ಟಿಕಾಗ್ರೆಲಾರ್ ತಪ್ಪಿದರೆ ಮುಂದಿನ ನಿಗದಿತ ವೇಳೆಗೆ ಒಂದೇ ಮಾತ್ರೆ. ಯಾವುದನ್ನೂ ಎರಡೆರಡು ನುಂಗಿ ಸರಿದೂಗಿಸಬೇಡಿ. ಒಂದಕ್ಕಿಂತ ಹೆಚ್ಚು ಹೊತ್ತು ತಪ್ಪಿದ್ದರೆ, ವಾಂತಿಯಾಗಿ ಮಾತ್ರೆ ಹೊರಬಂದಿದ್ದರೆ, ವಾಂತಿ ನಿಲ್ಲದೆ ಏನೂ ಒಳಗೆ ಉಳಿಯದಿದ್ದರೆ, ಆಗಲೇ ತಂಡಕ್ಕೆ ತಿಳಿಸಿ. ಮೊದಲ ವಾರಗಳಲ್ಲಂತೂ ಬೆಳಗಾಗುವವರೆಗೆ ಕಾಯಬೇಡಿ.

ಮನೆಗಳಲ್ಲಿ ಮತ್ತೆ ಮತ್ತೆ ಆಗುವ ತಪ್ಪುಗಳು ಕೆಲವಿವೆ. ಮೊದಲನೆಯದು, ಒಂದೇ ಕ್ಯಾಪ್ಸೂಲ್‌ನಲ್ಲಿ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡೂ ಸೇರಿರುವ ಔಷಧಗಳಿವೆ. ಅಂಗಡಿಯವರು ಅದನ್ನು ಕೊಟ್ಟಾಗ ಮನೆಯಲ್ಲಿ ಉಳಿದಿದ್ದ ಬಿಡಿ ಆಸ್ಪಿರಿನ್ ಅನ್ನೂ ನುಂಗಿದರೆ ಪ್ರಮಾಣ ದುಪ್ಪಟ್ಟು. ಇದಕ್ಕೆ ತದ್ವಿರುದ್ಧವೂ ಆಗುತ್ತದೆ: ಜೋಡಿ ಕ್ಯಾಪ್ಸೂಲ್‌ನ ಬದಲು ಬರೀ ಕ್ಲೋಪಿಡೋಗ್ರೆಲ್ ಕೊಟ್ಟು ಆಸ್ಪಿರಿನ್ ಪೂರ್ತಿ ಬಿಟ್ಟುಹೋಗುವುದು. ಬ್ರ್ಯಾಂಡ್ ಹೆಸರು ಬದಲಾದಾಗಲೆಲ್ಲ ಕೆಳಗಿನ ಸಣ್ಣಕ್ಷರದ ರಾಸಾಯನಿಕ ಹೆಸರನ್ನೂ ಮಿಲಿಗ್ರಾಂ ಸಂಖ್ಯೆಯನ್ನೂ ಚೀಟಿಯೊಂದಿಗೆ ಹೋಲಿಸಿ. ಎರಡನೆಯದು, ಮಾತ್ರೆ ಮುಗಿಯುವವರೆಗೆ ಕಾಯುವುದು. 10 ದಿನದ ದಾಸ್ತಾನು ಉಳಿದಿರುವಾಗಲೇ ತರಿಸಿ. ಮೂರನೆಯದು, ಪ್ರಯಾಣದಲ್ಲಿ ಮಾತ್ರೆಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕುವುದು. ಕೈಚೀಲದಲ್ಲೇ ಇರಲಿ, ಚೀಟಿಯ ಪ್ರತಿಯೂ ಜೊತೆಗಿರಲಿ.

ಹಂತ 5: ಜೊತೆಗೆ ಸೇರಬಾರದ ಔಷಧಗಳು

ತಲೆನೋವು ಬಂದಾಗ ಕೈ ಹೋಗುವುದು ನೋವಿನ ಮಾತ್ರೆಯ ಕಡೆಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನಾಪ್ರೋಕ್ಸೆನ್ ಬೇಡ. ಇವು ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ, ಐಬುಪ್ರೊಫೆನ್ ಅಂತೂ ಆಸ್ಪಿರಿನ್ ಕೂರಬೇಕಾದ ಜಾಗವನ್ನೇ ಆಕ್ರಮಿಸಿ ಅದರ ಕೆಲಸ ಕೆಡಿಸಬಹುದು. ಶೀತ–ಜ್ವರಕ್ಕೆಂದು ಮಾರುವ ಮಿಶ್ರ ಮಾತ್ರೆಗಳಲ್ಲಿ ಇವು ಅಡಗಿರುತ್ತವೆ, ಓದಿ ನೋಡಿ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ, ಆದರೆ ದಿನದ ಮಿತಿ ಎಷ್ಟೆಂದು ಕೇಳಿಕೊಳ್ಳಿ. ಯಕೃತ್ತಿನ ತೊಂದರೆಯಿದ್ದವರಿಗೆ, ತೂಕ ಕಡಿಮೆಯಿರುವವರಿಗೆ ಆ ಮಿತಿ ಇನ್ನೂ ಕೆಳಗೆ.

ಅಸಿಡಿಟಿ ಮಾತ್ರೆಯ ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಒಮೆಪ್ರಜೋಲ್ ಮತ್ತು ಇಸೊಮೆಪ್ರಜೋಲ್, ಕ್ಲೋಪಿಡೋಗ್ರೆಲ್ ಅನ್ನು ಕೆಲಸಕ್ಕೆ ಹಚ್ಚುವ ಅದೇ ಕಿಣ್ವವನ್ನು ತಡೆಯುತ್ತವೆ. ಹೊಟ್ಟೆ ಕಾಯಲು ಔಷಧ ಬೇಕೇ ಬೇಕಾದರೆ ವೈದ್ಯರು ಹೆಚ್ಚಾಗಿ ಪ್ಯಾಂಟೊಪ್ರಜೋಲ್ ಆರಿಸುತ್ತಾರೆ. ಚೀಟಿಯಲ್ಲಿ ಪ್ಯಾಂಟೊಪ್ರಜೋಲ್ ಇದ್ದಾಗ ‘ಎಲ್ಲ ಒಂದೇ’ ಎಂದು ಅಂಗಡಿಯಲ್ಲಿ ಒಮೆಪ್ರಜೋಲ್ ಕೊಟ್ಟರೆ ಒಪ್ಪಬೇಡಿ.

ಟಿಕಾಗ್ರೆಲಾರ್ ತೆಗೆದುಕೊಳ್ಳುವವರು ಕ್ಲಾರಿಥ್ರೊಮೈಸಿನ್, ರಿಫಾಂಪಿಸಿನ್, ಫೆನಿಟೋಯಿನ್, ಕಾರ್ಬಮಜೆಪಿನ್ ಹೆಸರು ಕಂಡಲ್ಲಿ ನಿಂತು ತಂಡವನ್ನು ಕೇಳಬೇಕು. ಕೊನೆಯ ಎರಡು ಫಿಟ್ಸ್ ತಡೆಯುವ ಮಾತ್ರೆಗಳಾದ್ದರಿಂದ ಮೆದುಳಿನ ಚಿಕಿತ್ಸೆಯಾದವರಿಗೆ ಬರೆದುಕೊಡುವ ಸಂದರ್ಭ ಕಡಿಮೆಯೇನಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ರಕ್ತಸ್ರಾವವನ್ನು ತುಸು ಹೆಚ್ಚಿಸುತ್ತವೆ. ಅವನ್ನು ದಿಢೀರನೆ ನಿಲ್ಲಿಸುವುದೂ ತಪ್ಪೇ, ತಿಳಿಸಿ ಮುಂದುವರಿಸಿ. ಮೀನೆಣ್ಣೆ, ಗಿಂಕೊ, ಬೆಳ್ಳುಳ್ಳಿ, ಅರಿಸಿನದ ಸಾರದ ಕ್ಯಾಪ್ಸೂಲ್‌ಗಳು ‘ನೈಸರ್ಗಿಕ’ ಎಂಬ ಕಾರಣಕ್ಕೆ ಪಟ್ಟಿಯಿಂದ ಹೊರಗೆ ಉಳಿಯುತ್ತವೆ. ಅಡುಗೆಯಲ್ಲಿ ಹಾಕುವಷ್ಟರಿಂದ ಚಿಂತೆಯಿಲ್ಲ, ಕ್ಯಾಪ್ಸೂಲ್ ರೂಪದ ದೊಡ್ಡ ಪ್ರಮಾಣ ಬೇರೆ ಮಾತು.

ಹಂತ 6: ರಕ್ತಸ್ರಾವವನ್ನು ಮೂರು ಗುಂಪಾಗಿ ನೋಡುವುದು

ಮೊದಲನೆಯ ಗುಂಪಿನಲ್ಲಿ ಸಹಿಸಿಕೊಳ್ಳಬೇಕಾದವು: ಎಲ್ಲೋ ತಾಗಿದ ನೆನಪೂ ಇಲ್ಲದ ನೀಲಿ ಕಲೆ, ಹಲ್ಲುಜ್ಜುವಾಗ ಒಸಡಿನಲ್ಲಿ ತುಸು ಕೆಂಪು, ಗೀರಿದ ಗಾಯ ನಿಲ್ಲಲು ಎಂದಿಗಿಂತ ಹೆಚ್ಚು ಹೊತ್ತು. ಮಾತ್ರೆ ಕೆಲಸ ಮಾಡುತ್ತಿದೆ ಎಂಬುದರ ಗುರುತು ಇವು. ನೋಟ್‌ಬುಕ್‌ನಲ್ಲಿ ಬರೆದಿಟ್ಟು ಮಾತ್ರೆ ಮುಂದುವರಿಸಿ. ಜನ ಮಾತ್ರೆ ಬಿಡುವುದು ಹೆಚ್ಚಾಗಿ ಇಲ್ಲೇ, ಏನೂ ಅಪಾಯವಿಲ್ಲದ ಈ ಗುಂಪಿನಲ್ಲೇ. ನನಗೆ ಅತಿ ಹೆಚ್ಚು ಸಂಕಟವಾಗುವುದೂ ಅದಕ್ಕೇ.

ಎರಡನೆಯ ಗುಂಪು, ಅಂದೇ ಫೋನ್ ಮಾಡಬೇಕಾದವು: ದಿನವೂ ಬರುವ ಮೂಗಿನ ರಕ್ತ, ಪೆಟ್ಟಿಲ್ಲದೆ ದೊಡ್ಡದಾಗಿ ಬೆಳೆಯುವ ಕಲೆಗಳು, ಚರ್ಮದ ಮೇಲೆ ಸಾಸಿವೆಯಂಥ ಕೆಂಪು ಚುಕ್ಕೆಗಳು, ಮುಟ್ಟಿನ ಸ್ರಾವ ಎಂದಿಗಿಂತ ಬಹಳ ಹೆಚ್ಚಾಗುವುದು, ಮೂತ್ರ ಕೆಂಪಾಗುವುದು, ಬಿಳಿಚಿಕೊಂಡು ಮೆಟ್ಟಿಲೇರುವಾಗ ಏದುಸಿರು. ಹೀಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಎಣಿಕೆ ನೋಡಬೇಕಾಗಬಹುದು.

ಮೂಗಿನ ರಕ್ತಕ್ಕೆ ತಲೆ ಹಿಂದಕ್ಕೆ ವಾಲಿಸುವುದು ಹಳೆಯ ತಪ್ಪು, ರಕ್ತ ಗಂಟಲಿಗಿಳಿಯುತ್ತದೆ. ಕುಳಿತು ಮುಂದಕ್ಕೆ ಬಾಗಿ, ಮೂಗಿನ ಮೆದುಭಾಗವನ್ನು ಬಿಗಿಯಾಗಿ ಹಿಡಿದು 10ರಿಂದ 15 ನಿಮಿಷ ಬಾಯಲ್ಲಿ ಉಸಿರಾಡಿ. ಗಡಿಯಾರ ನೋಡಿಕೊಂಡೇ ಹಿಡಿಯಬೇಕು, ಅಂದಾಜಿನ 10 ನಿಮಿಷ ನಿಜಕ್ಕೂ ಮೂರು ನಿಮಿಷವಾಗಿರುತ್ತದೆ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ಆಸ್ಪತ್ರೆ.

ಮೂರನೆಯ ಗುಂಪು ತುರ್ತು: ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ, ಮಲದಲ್ಲಿ ತಾಜಾ ರಕ್ತ ಸುರಿಯುವುದು, ರಕ್ತವಾಂತಿ ಅಥವಾ ಕಾಫಿ ಪುಡಿಯಂಥ ವಾಂತಿ, ಒತ್ತಿದರೂ ನಿಲ್ಲದ ರಕ್ತ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಡಾಂಬರಿನ ಅಂಟು ಮತ್ತು ಕೆಟ್ಟ ವಾಸನೆ ಇರುವುದಿಲ್ಲ. ತಲೆಗೆ ಪೆಟ್ಟು ಬಿದ್ದರೆ, ಎದ್ದು ಓಡಾಡುವಷ್ಟು ಚೆನ್ನಾಗಿದ್ದರೂ, ಆಸ್ಪತ್ರೆಗೆ ಹೋಗಿ ಎರಡು ಮಾತ್ರೆಯ ಹೆಸರು ಹೇಳಿ. ಒಳಗಿನ ರಕ್ತಸ್ರಾವ ಗಂಟೆಗಳ ನಂತರ ತೋರಬಹುದು. ಈ ಗುಂಪಿನಲ್ಲೂ ಮಾತ್ರೆ ನಿಲ್ಲಿಸುವ ತೀರ್ಮಾನ ನಿಮ್ಮದಲ್ಲ, ತುರ್ತು ವಿಭಾಗದ ವೈದ್ಯರು ಸ್ಟೆಂಟ್ ತಂಡವನ್ನು ಕೇಳಿ ತೆಗೆದುಕೊಳ್ಳಬೇಕಾದದ್ದು. ಅವರು ಆ ತಂಡದೊಂದಿಗೆ ಮಾತನಾಡುವಂತೆ ನೀವು ಒತ್ತಾಯಿಸಿ, ಇಂಪ್ಲಾಂಟ್ ಕಾರ್ಡ್ ಮುಂದಿಡಿ.

ಹಂತ 7: ಮೆದುಳಿನ ತುರ್ತು ಲಕ್ಷಣಗಳು

ಈ ಭಾಗವನ್ನು ರೋಗಿಗಿಂತ ಜೊತೆಗಿರುವವರು ಬಾಯಿಪಾಠ ಮಾಡಿಕೊಳ್ಳಬೇಕು. ಮುಖದ ಒಂದು ಬದಿ ಜೋಲುವುದು. ಒಂದು ಕೈ ಅಥವಾ ಕಾಲು ಸೋಲುವುದು, ಜೋಮು ಹಿಡಿಯುವುದು. ಮಾತು ತೊದಲುವುದು, ಹೇಳಬೇಕಾದ ಪದ ಸಿಗದಿರುವುದು, ಎದುರಿನವರ ಮಾತು ಅರ್ಥವಾಗದಿರುವುದು. ಒಂದು ಕಣ್ಣಿನ ನೋಟ ಹೋಗುವುದು, ಎರಡೆರಡಾಗಿ ಕಾಣುವುದು. ನಡೆಯುವಾಗ ಆಯ ತಪ್ಪುವುದು. ಫಿಟ್ಸ್. ಸಿಡಿಲು ಹೊಡೆದಂತೆ ಕ್ಷಣದಲ್ಲಿ ತಾರಕಕ್ಕೇರುವ ತಲೆನೋವು, ಜೊತೆಗೆ ವಾಂತಿ, ಕತ್ತು ಸೆಟೆತ, ಮಂಪರು.

ಒಂದು ಲಕ್ಷಣ ಕಂಡರೂ ಆಂಬುಲೆನ್ಸ್. ಐದು ನಿಮಿಷದಲ್ಲಿ ಸರಿಹೋಯಿತು ಎಂದು ಕರೆಯನ್ನು ರದ್ದು ಮಾಡಬೇಡಿ. ಬಂದು ಹೋದ ಲಕ್ಷಣ ಸ್ಟೆಂಟ್‌ನಲ್ಲಿ ಹೆಪ್ಪು ಕಟ್ಟತೊಡಗಿರುವ ಮುನ್ಸೂಚನೆ ಆಗಿರಬಹುದು. ಕೊನೆಯ ಬಾರಿ ಸರಿಯಾಗಿದ್ದ ವೇಳೆ ಬರೆದುಕೊಳ್ಳಿ, ಆಸ್ಪತ್ರೆಯಲ್ಲಿ ಚಿಕಿತ್ಸೆಯ ಆಯ್ಕೆ ಆ ವೇಳೆಯ ಮೇಲೆ ನಿಂತಿದೆ. ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ನೀರು, ಆಹಾರ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಪಾರ್ಶ್ವವಾಯು ಎಂದು ಊಹಿಸಿ ಹೆಚ್ಚಿನ ಆಸ್ಪಿರಿನ್ ಕೊಡುವುದು ಅಪಾಯಕಾರಿ. ಹೆಪ್ಪೋ ರಕ್ತಸ್ರಾವವೋ ಎಂಬುದನ್ನು ಸ್ಕ್ಯಾನ್ ಹೊರತು ಯಾರೂ ಹೇಳಲಾರರು.

ಹಂತ 8: ತಲೆನೋವು, ಆಯಾಸ, ಎಂದಿನ ಬದುಕಿಗೆ ಮರಳುವುದು

ಚಿಕಿತ್ಸೆಯಾದ ದಿನಗಳಲ್ಲಿ, ಕೆಲವರಿಗೆ ವಾರಗಳವರೆಗೂ, ಸಣ್ಣ ತಲೆನೋವು ಬಂದು ಹೋಗುತ್ತಿರುತ್ತದೆ. ನೋಟ್‌ಬುಕ್‌ನಲ್ಲಿ ವೇಳೆ ಮತ್ತು ಹತ್ತಕ್ಕೆ ಎಷ್ಟು ಅಂಕದ ನೋವು ಎಂದು ಬರೆಯಿರಿ. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸರಿ, ಏರುತ್ತಿದ್ದರೆ ಫೋನ್.

ಆಯಾಸ ಎಲ್ಲರಿಗೂ ಅಚ್ಚರಿ ತರುತ್ತದೆ, ಹೊರಗೆ ಗಾಯವೇ ಕಾಣದಿದ್ದಾಗ ಮನೆಯವರಿಗೆ ಅದು ಸೋಮಾರಿತನದಂತೆಯೂ ತೋರುತ್ತದೆ. ದಯವಿಟ್ಟು ಹಾಗೆ ನೋಡಬೇಡಿ. ಬೆಳಗ್ಗೆ ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ, ವಾರಕ್ಕಿಷ್ಟು ಹೆಚ್ಚಿಸಿ. ಒಡೆಯದ ಅನ್ಯೂರಿಸಂ ಆಗಿದ್ದರೆ ಕೆಲವೇ ವಾರಗಳಲ್ಲಿ ಹಲವರು ಕೆಲಸಕ್ಕೆ ಮರಳುತ್ತಾರೆ. ಒಡೆದಿದ್ದರೆ ತಿಂಗಳುಗಳು ಬೇಕು. ನೆನಪು, ಗಮನ, ಸಿಟ್ಟಿನ ತೊಂದರೆಗಳಿಗೆ ಪುನಶ್ಚೇತನ ಚಿಕಿತ್ಸೆ ಕೇಳಿ ಪಡೆಯಬೇಕು. ವಾಹನ ಓಡಿಸುವುದಕ್ಕೆ, ವಿಮಾನಯಾನಕ್ಕೆ ವೈದ್ಯರ ಒಪ್ಪಿಗೆ ಮೊದಲು. ಫಿಟ್ಸ್ ಬಂದಿದ್ದರೆ ವಾಹನದ ನಿಯಮ ಕಟ್ಟುನಿಟ್ಟು.

ಎರಡರಿಂದ ನಾಲ್ಕು ವಾರಗಳ ನಂತರ ತಲೆಯ ಒಂದು ಭಾಗದಲ್ಲಿ ಕೂದಲು ತೇಪೆಯಂತೆ ಉದುರಿದರೆ ಅದು ಚಿಕಿತ್ಸೆಯ ವೇಳೆಯ ಎಕ್ಸ್–ರೇ ವಿಕಿರಣದಿಂದ. ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಮಾತ್ರೆಯ ದೋಷವೆಂದು ಮಾತ್ರೆ ಬಿಡಬೇಡಿ, ಮುಂದಿನ ಭೇಟಿಯಲ್ಲಿ ತೋರಿಸಿ.

ರಕ್ತದೊತ್ತಡವನ್ನು ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಬೆನ್ನಿಗೆ ಒರಗಿ, ತೋಳು ಎದೆಯ ಮಟ್ಟದಲ್ಲಿಟ್ಟು ನೋಡಿ. ಧೂಮಪಾನ ಪೂರ್ತಿ ನಿಲ್ಲಬೇಕು. ಹೊಸ ಅನ್ಯೂರಿಸಂ ಹುಟ್ಟುವುದಕ್ಕೂ ಇರುವುದು ಒಡೆಯುವುದಕ್ಕೂ ಧೂಮಪಾನ ಮತ್ತು ರಕ್ತದೊತ್ತಡ ದೊಡ್ಡ ಕಾರಣಗಳು, ನಮ್ಮ ಕೈಯಲ್ಲಿರುವ ಕಾರಣಗಳೂ ಹೌದು.

ಹಂತ 9: ಹಲ್ಲು, ಶಸ್ತ್ರಚಿಕಿತ್ಸೆ, ಚುಚ್ಚುಮದ್ದು

ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಎರಡು ಮಾತ್ರೆಯ ಅವಧಿ ಮುಗಿಯುವವರೆಗೆ ಮುಂದೂಡುವುದು ಸಾಮಾನ್ಯ ಕ್ರಮ. ಹಲ್ಲು ಶುಚಿಗೊಳಿಸುವುದು, ಒಂದು ಹಲ್ಲು ಕೀಳುವುದು ಇಂಥವನ್ನು ಮಾತ್ರೆ ನಿಲ್ಲಿಸದೆಯೇ, ಹೊಲಿಗೆ ಹಾಕಿ, ಒತ್ತಿ ಹಿಡಿದು, ರಕ್ತ ತಡೆಯುವ ಪಟ್ಟಿ ಇಟ್ಟು ಮಾಡಬಹುದು. ದಂತವೈದ್ಯರು ನಿಲ್ಲಿಸಿ ಎಂದರೆ ವಾದ ಬೇಡ. ಸ್ಟೆಂಟ್ ತಂಡದ ಫೋನ್ ಸಂಖ್ಯೆ ಕೊಟ್ಟು ಇಬ್ಬರೂ ಮಾತನಾಡಲಿ ಎನ್ನಿ. ಹೃದಯದ ವೈದ್ಯರೋ ಕುಟುಂಬ ವೈದ್ಯರೋ ‘ಐದು ದಿನ ಬಿಟ್ಟರೆ ಏನೂ ಆಗದು’ ಎಂದರೂ ಇದೇ ಉತ್ತರ. ಪ್ಲೇಟ್‌ಲೆಟ್‌ಗಳ ಆಯುಷ್ಯ 7ರಿಂದ 10 ದಿನ. ಐದು ದಿನ ಮಾತ್ರೆ ಬಿಟ್ಟರೆ ಅಂಟುವ ಹೊಸ ಕಣಗಳು ಸಾಕಷ್ಟು ಹುಟ್ಟಿಬಿಟ್ಟಿರುತ್ತವೆ. ಹಲ್ಲಿಗೆ ಅನುಕೂಲವಾದದ್ದೇ ಸ್ಟೆಂಟ್‌ಗೆ ಅಪಾಯ.

ಲಸಿಕೆ ಹಾಕಿಸಿಕೊಳ್ಳಬಹುದು. ಸಣ್ಣ ಸೂಜಿ ಬಳಸಲು ಹೇಳಿ, ನಂತರ ಉಜ್ಜದೆ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಗರ್ಭಧಾರಣೆಯ ಯೋಚನೆಯಿದ್ದರೆ ಮೊದಲೇ ತಂಡದೊಂದಿಗೆ ಮಾತನಾಡಿ, ಗರ್ಭಿಣಿಯೆಂದು ತಿಳಿದ ದಿನ ಹೆದರಿ ಮಾತ್ರೆ ಎಸೆಯಬೇಡಿ.

ಹಂತ 10: ಮರುತಪಾಸಣೆ ಮತ್ತು ಮಾತ್ರೆ ಇಳಿಸುವ ದಿನ

ಎರಡು ಮಾತ್ರೆಯ ಅವಧಿ ಸಾಮಾನ್ಯವಾಗಿ 3ರಿಂದ 6 ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಆಮೇಲೆ ಒಂದನ್ನು ನಿಲ್ಲಿಸಿ ಆಸ್ಪಿರಿನ್ ಒಂದನ್ನೇ ಮುಂದುವರಿಸುವುದು ವಾಡಿಕೆ. ಅದು ತಿಂಗಳುಗಳವರೆಗೂ ಇರಬಹುದು, ಜೀವನವಿಡೀ ಇರಬಹುದು. ಸುಮಾರು 6 ತಿಂಗಳಿಗೆ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಒಳಗೆ ಕಿರಿದಾಗಿದೆಯೇ, ಅನ್ಯೂರಿಸಂ ಮುಚ್ಚಿದೆಯೇ ಎಂದು ನೋಡುತ್ತಾರೆ. ಫ್ಲೋ ಡೈವರ್ಟರ್‌ನಲ್ಲಿ ಮುಚ್ಚುವಿಕೆ ನಿಧಾನ, 6 ತಿಂಗಳಿಗೆ ಪೂರ್ತಿ ಮುಚ್ಚದಿದ್ದರೆ ಚಿಕಿತ್ಸೆ ಸೋತಿತು ಎಂದಲ್ಲ. ಕ್ಯಾಲೆಂಡರಿನಲ್ಲಿ 6 ತಿಂಗಳು ತುಂಬಿತು ಎಂಬುದಷ್ಟೇ ಮಾತ್ರೆ ಇಳಿಸಲು ಕಾರಣವಾಗಬಾರದು. ಚಿತ್ರ ನೋಡಿದ ವೈದ್ಯರ ಮಾತು ಬೇಕು.

ಅಕ್ಕನ ವಿಷಯದಲ್ಲಿ ನಾವು ಎಡವಿದ್ದು ಇಲ್ಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಮಾತ್ರೆಯ ಹೆಸರು ಒಂದರ ಕೆಳಗೊಂದು, ಬದಿಯಲ್ಲಿ ಎರಡನ್ನೂ ಸೇರಿಸಿದಂತೆ ಕಾಣುವ ಒಂದು ಬಾಗಿದ ಗೆರೆ, ಅದರ ಮುಂದೆ ‘6 ತಿಂಗಳು’. ನಿಲ್ಲಬೇಕಾದದ್ದು ಕ್ಲೋಪಿಡೋಗ್ರೆಲ್ ಮಾತ್ರ. ಅವಳು ಎರಡನ್ನೂ ನಿಲ್ಲಿಸಿದಳು. ನಾಲ್ಕನೆಯ ದಿನ ಡಬ್ಬಿ ತುಂಬಲು ಕುಳಿತಾಗ ‘ಇನ್ನು ತುಂಬುವುದು ಬೇಡ, ಎಲ್ಲ ಮುಗಿಯಿತು’ ಎಂದು ಖುಷಿಯಿಂದ ಹೇಳಿದಾಗಲೇ ನನಗೆ ತಿಳಿದದ್ದು. ಆ ಕ್ಷಣವೇ ಫೋನ್ ಮಾಡಿದೆವು, ಆಸ್ಪಿರಿನ್ ಅಂದೇ ಮತ್ತೆ ಶುರುವಾಯಿತು, ಪುಣ್ಯಕ್ಕೆ ಏನೂ ಆಗಲಿಲ್ಲ. ಹಂತ 1ರಲ್ಲಿ ಒಂದೊಂದು ಮಾತ್ರೆಗೂ ಬೇರೆ ತಾರೀಖು ಬರೆಸಿಕೊಳ್ಳಿ ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ.

ಮಾತ್ರೆ ಇಳಿಸಿದ ದಿನ ಕ್ರಮ ಹೀಗಿರಲಿ. ಹೊಸ ಪಟ್ಟಿಯನ್ನು ವೈದ್ಯರ ಎದುರಿಗೇ ಗಟ್ಟಿಯಾಗಿ ಓದಿ: ‘ಇದು ನಿಲ್ಲುತ್ತದೆ, ಇದು ಮುಂದುವರಿಯುತ್ತದೆ, ಇಂತಿಷ್ಟು ಮಿಲಿಗ್ರಾಂ.’ ನಿಂತ ಮಾತ್ರೆಯ ಉಳಿದ ಪೊಟ್ಟಣಗಳನ್ನು ಮನೆಯ ಡಬ್ಬಿಯಿಂದ ತೆಗೆಯಿರಿ. ಹಳೆಯ ಪಟ್ಟಿಯ ಮೇಲೆ ಅಡ್ಡಗೆರೆ ಎಳೆದು ತಾರೀಖು ಹಾಕಿ. ಮೊದಲ ಕೆಲವು ವಾರ ಹಂತ 7ರ ಲಕ್ಷಣಗಳ ಮೇಲೆ ಮೊದಲ ತಿಂಗಳಿನಷ್ಟೇ ನಿಗಾ ಇಡಿ, ಏಕೆಂದರೆ ಮಾತ್ರೆ ಇಳಿಸಿದ ಬೆನ್ನಿಗೇ ಸ್ಟೆಂಟ್ ಮತ್ತೊಮ್ಮೆ ಪರೀಕ್ಷೆಗೆ ಒಳಗಾಗುತ್ತದೆ. ಮುಂದಿನ ಚಿತ್ರಪರೀಕ್ಷೆಯ ತಾರೀಖನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಪಡೆದು, ಹೊಸ ಪಟ್ಟಿಯ ಫೋಟೊದೊಂದಿಗೆ ಮನೆಯ ಇನ್ನಿಬ್ಬರ ಮೊಬೈಲ್‌ಗೂ ಕಳುಹಿಸಿಡಿ.